ಕಾಸಿಂ ಸಾಹೇಬರ ಎಡಗೈ

ಕಾಸಿಂ ಸಾಹೇಬರು ಯಾರ ಹಾರ್ಮೋನಿಯಂ ರಿಪೇರಿಗೆ ಬಂದರೂ ಅದನ್ನು ನುಡಿಸಿ ನೋಡುವ ಮೊದಲು ಜೇಬಿನಿಂದ ಅಡಿಕೆ ತೆಗೆಯುತ್ತಿದ್ದರು. ಇವರು ಎಲೆಯಡಿಕೆ ಹಾಕಲು ಹೊರಟರು ಎಂದುಕೊಂಡು ಹೊಸಬರು ಸುಣ್ಣದ ಡಬ್ಬಿ ಮುಂದೆ ಮಾಡುವುದೂ ಇತ್ತು. ಸಾಹೇಬರು ಅದನ್ನು ಪಕ್ಕಕ್ಕೆ ಸರಿಸಿ, ಮಕ್ಕಳಿಗೆ ಔಷಧಿ ಕುಡಿಸುವಂಥ ಒಂದು ಪುಟ್ಟ ಹಿತ್ತಾಳೆ ಲೋಟವನ್ನು ಹಾರ್ಮೋನಿಯಂನ ಒಂದು ಕೀ ಮೇಲೆ, ಅದರ ತುದಿಗೆ ಸರಿಯಾಗಿ ನಿಲ್ಲಿಸುತ್ತಿದ್ದರು. ಆಮೇಲೆ ಲೋಟದೊಳಕ್ಕೆ ಒಂದೊಂದೇ ಅಡಿಕೆ. ಮೊದಲನೆಯದಕ್ಕೆ ಕೀ ಅಲ್ಲಾಡಬಾರದು. ಎರಡನೆಯದಕ್ಕೆ ಯೋಚನೆ ಮಾಡಬೇಕು. ಮೂರನೆಯದು ಬಿದ್ದ ಮೇಲೆ ಮೆಲ್ಲಗೆ ಕೆಳಗಿಳಿಯಬೇಕು. ಈ ಕಡೆಯಿಂದ ಆ ಕಡೆಯವರೆಗೆ ಕಪ್ಪು ಬಿಳಿ ಎನ್ನದೆ ಎಲ್ಲ ಕೀಗಳಿಗೂ ಇದೇ ಪರೀಕ್ಷೆ. ಅದು ಮುಗಿಯುವಷ್ಟರಲ್ಲಿ ತಂದವರು ಎದುರಿನ ಹೋಟೆಲಿಗೆ ಹೋಗಿ ಎರಡು ಸಲ ಕಾಫಿ ಕುಡಿದು ಬಂದಿರುತ್ತಿದ್ದರು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು, ಉಳಿದದ್ದೆಲ್ಲ ಕೊಡೆ. ಹೊಟ್ಟೆಪಾಡಿಗೆ ಕೊಡೆ ರಿಪೇರಿ, ಟ್ರಂಕಿನ ಬೀಗ ರಿಪೇರಿ. ಹಾರ್ಮೋನಿಯಂ ಮಾತ್ರ ಪ್ರೀತಿಗೆ. ಅದನ್ನು ಅವರು ಪೆಟ್ಟಿಗೆ ಎನ್ನುತ್ತಿದ್ದರು, ಕೀಗಳಿಗೆ ಮನೆಗಳು ಎನ್ನುತ್ತಿದ್ದರು. ಬೇಸಿಗೆ ಮಳೆಗಾಲ ಎನ್ನದೆ ಕಿವಿಯ ಮೇಲೆ ಒಂದು ಕಂದು ಮಫ್ಲರ್ ಸುತ್ತಿಕೊಂಡೇ ಇರುವರು. ಶೀತವೇ ಎಂದು ಕೇಳಿದರೆ, "ಎಂತ ಶೀತ ಮಾರಾಯ್ರೆ, ದಿನಕ್ಕೆ ನಲವತ್ತು ಬಸ್ಸು ಹಾರನ್ ಹೊಡೀತಾವೆ. ಆ ಗಲಾಟೆಯೆಲ್ಲ ಒಳಗೆ ಬಿಟ್ಕೊಂಡ್ರೆ ಪೆಟ್ಟಿಗೆ ಬಂದಾಗ ಕಿವೀಲಿ ಜಾಗ ಇರೋದಿಲ್ಲ" ಎನ್ನುತ್ತಿದ್ದರು. ಅವರು ಮಫ್ಲರ್ ಬಿಚ್ಚಿದರೆಂದರೆ ಬೆಂಚಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು.

ನಾನು ಆಗ ನರಸಿಂಹರಾಜಪುರದಲ್ಲಿ, ಜನರ ಬಾಯಲ್ಲಿ ಎನ್ನಾರ್‌ಪುರದಲ್ಲಿ, ಹೆಣ್ಣುಮಕ್ಕಳ ಶಾಲೆಯೊಂದರ ಸಂಗೀತದ ಟೀಚರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಇನ್ನೂ ಇಪ್ಪತ್ತೈದು ಆಗಿರಲಿಲ್ಲ. ನನ್ನ ಹಾರ್ಮೋನಿಯಂನ ಎರಡು ಸ್ವರ ಕೆಟ್ಟಿದ್ದವು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೊಪ್ಪಕ್ಕೆ ಹೋದೆ. ಸಾಹೇಬರು ಅಡಿಕೆ ಶಾಸ್ತ್ರವೆಲ್ಲ ಮುಗಿಸಿ, ಮಫ್ಲರ್ ಬಿಚ್ಚಿ, ಹಿಂದಿನ ತಿದಿಯನ್ನು ತೆರೆದು ಮುಚ್ಚಿ ಮಾಡಿದರು. ಅದರ ಚರ್ಮದ ಮಡಿಕೆಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದಕ್ಕೆ ಗಾಳಿ ಹಾಕೋರು ಯಾರು?"

"ನಾನೇ."

"ಸಿಟ್ಟು ಜಾಸ್ತಿ ಅಲ್ವಾ ಅಕ್ಕೋರೆ ನಿಮಗೆ?"

ಪರಿಚಯವೇ ಇಲ್ಲದ ಮನುಷ್ಯ ಹೀಗೆ ಕೇಳಿದರೆ ಸಿಟ್ಟು ಇಲ್ಲದವರಿಗೂ ಬರುತ್ತದೆ. ನನಗೆ ಮೂಗಿನ ತುದಿಯಲ್ಲೇ ಇತ್ತು. ಸ್ವರ ಸರಿ ಮಾಡಿಕೊಡಿ, ಜಾತಕ ಹೇಳುವುದು ಬೇಡ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮಡಿಕೆಯ ಮೇಲಿನ ಮೂಲೆಯಲ್ಲಿ ಚರ್ಮ ಸವೆದು ತೆಳುವಾದ ಜಾಗ ತೋರಿಸಿದರು.

"ನೋಡಿ, ಎರಡು ಸಣ್ಣ ದೂಡು, ಆಮೇಲೆ ಒಂದು ದೊಡ್ಡದು. ಹಾಡಿನ ಸಾಲು ಮುಗಿಯೋ ಮೊದಲೇ ಮುಂದಿನ ಸಾಲಿಗೆ ಗಾಳಿ ತುಂಬಿ ಇಟ್ಕೊಳ್ತೀರಿ. ಸಾಲು ಮುಗಿಯೋವರೆಗೆ ತಾಳ್ಮೆ ಇಲ್ಲ ನಿಮಗೆ."

ಹೇಳಿದ್ದಷ್ಟೇ ಅಲ್ಲ, ಎಡಗೈಯಿಂದ ಹಾಗೆಯೇ ಗಾಳಿ ಹಾಕಿ ಬಲಗೈಯಲ್ಲಿ ಎರಡು ಸಾಲು ನುಡಿಸಿದರು. ನಾನು ದಂಗಾಗಿ ಕುಳಿತೆ. ನನ್ನ ಅಮ್ಮನೇ ದೂರದಿಂದ ಕೇಳಿದ್ದರೂ ಮಗಳು ನುಡಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು. ಚರ್ಮ ನೋಡಿ ಮನುಷ್ಯರ ಕೈ ಹೇಳುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೆಯೂ ನೋಡಿಲ್ಲ. ತಿದಿ ಬದಲಾಯಿಸಬೇಕೇ ಎಂದು ಮೆತ್ತಗೆ ಕೇಳಿದೆ.

"ಬ್ಯಾಡ. ಅದಕ್ಕೆ ನೀವು ಅಭ್ಯಾಸ ಆಗಿದ್ದೀರಿ" ಎಂದರು. ಅವರ ಲೆಕ್ಕದಲ್ಲಿ ಒಡತಿಗೆ ಪೆಟ್ಟಿಗೆ ಅಭ್ಯಾಸವಾಗುವುದಲ್ಲ, ಪೆಟ್ಟಿಗೆಗೆ ಒಡತಿ.

ಅವರ ಅಡಿಕೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಮೂರು ಅಡಿಕೆಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು, ಒಂದೇ ತೂಕಕ್ಕೆ ಬರುವಂತೆ ಆರಿಸಿ ಇಟ್ಟುಕೊಂಡಿದ್ದರು. ಒಮ್ಮೆ ಶೃಂಗೇರಿಯಿಂದ ಭಜನೆಯ ಪೆಟ್ಟಿಗೆ ತಂದ ವಯಸ್ಸಾದ ಭಟ್ಟರೊಬ್ಬರು ಬೆಂಚಿನ ಮೇಲೆ ಅಡಿಕೆ ಕಂಡದ್ದೇ ಒಂದನ್ನು ಅಡಕತ್ತರಿಗೆ ಕೊಟ್ಟು ಬಾಯಿಗೆ ಹಾಕಿಕೊಂಡುಬಿಟ್ಟರು. ಸಾಹೇಬರು ನೋಡುತ್ತಲೇ ಇದ್ದರಂತೆ. ಅಡಿಕೆ ಚೆನ್ನಾಗಿದೆ, ಯಾವ ತೋಟದ್ದು ಎಂದು ಭಟ್ಟರು ಬೇರೆ ಕೇಳಿದರಂತೆ. ಆಮೇಲೆ ಅದರ ಜೊತೆಯದು ಹುಡುಕುತ್ತ ಸಾಹೇಬರು ಪಟ್ಟ ಪಾಡು ಹೇಳತೀರದು. ಬಂದ ತೋಟದವರನ್ನೆಲ್ಲ ಕೇಳಿದರು. ಕೊನೆಗೆ ಸಿರಿಮನೆ ಕಡೆಯ ಒಬ್ಬರು ತಂದ ಚೀಲದಲ್ಲಿ ಸಿಕ್ಕಿತು. ಅದು ಸಿಗುವವರೆಗೆ ಒಂದು ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಮೂರು ಚೂರು ಕಬ್ಬಿಣ ಇಟ್ಟುಕೊಳ್ಳಬಾರದೇ ಎಂದು ನಾನು ಕೇಳಿದ್ದಕ್ಕೆ, "ಕಬ್ಬಿಣ ಬಿದ್ರೆ ಮನೆಗೆ ನೋವಾಗ್ತದೆ" ಎಂದಿದ್ದರು.

ಅದಾಗಿ ಮೂರು ವರ್ಷಕ್ಕೆ ನನ್ನ ಎಡಗೈ ಹೋಯಿತು. ಹೋಯಿತು ಎಂದರೆ ಕೈ ಇದೆ, ಕೆಲಸಕ್ಕಿಲ್ಲ. ಕಡಹಿನಬೈಲಿನ ಹತ್ತಿರ ಒಂದು ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದಾಚೆ ಮೊಣಕೈ ಇಟ್ಟು ಕುಳಿತಿದ್ದೆ. ರಸ್ತೆಯ ಎಡಬದಿಗೆ ಕೆಟ್ಟು ನಿಂತಿದ್ದ ಲಾರಿಯನ್ನು ಬಸ್ಸು ಸವರಿಕೊಂಡು ಹೋಯಿತು. ಮೂಳೆ ಕೂಡಿತು, ನರ ಕೂಡಲಿಲ್ಲ. ಸೀರೆಯ ನಿರಿಗೆ ಒಂದೇ ಕೈಯಲ್ಲಿ ಹಿಡಿಯುವುದನ್ನು ಎರಡು ತಿಂಗಳಲ್ಲಿ ಕಲಿತೆ. ಹಾರ್ಮೋನಿಯಂ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಬಲಗೈ ನುಡಿಸಬೇಕು, ಎಡಗೈ ಗಾಳಿ ಹಾಕಬೇಕು. ತಂಗಿಯನ್ನು ಕೂರಿಸಿ ಗಾಳಿ ಹಾಕಿಸಿದೆ, ಶಾಲೆಯ ಹುಡುಗಿಯರಿಂದ ಹಾಕಿಸಿದೆ. ನನ್ನ ಬೆರಳಿಗೆ ಗಾಳಿ ಬೇಕಾದಾಗ ಅವರ ಕೈ ಎಲ್ಲೋ ಇರುತ್ತಿತ್ತು. ಎರಡು ಎತ್ತು ಎರಡು ಕಡೆಗೆ ಎಳೆದ ಗಾಡಿಯ ಹಾಗಾಯಿತು ಹಾಡು. ತಂಗಿಯ ಮೇಲೆ ರೇಗಿ, ಅವಳು ಅತ್ತು, ನಾನೂ ಅತ್ತು, ಅಲ್ಲಿಗೆ ಮುಗಿಯಿತು. ಹಾರ್ಮೋನಿಯಂ ಕಣ್ಣಿಗೆ ಬೀಳುವುದೇ ಬೇಡ ಎಂದು ಕಂಡಕ್ಟರ ಕೈಯಲ್ಲಿ ಕೊಪ್ಪಕ್ಕೆ ಕಳಿಸಿದೆ. ಯಾರಾದರೂ ಕೇಳಿದರೆ ಮಾರಿಬಿಡಿ ಎಂದು ಒಂದು ಚೀಟಿ. ಯಾಕೆ ಎಂದು ಬರೆಯಲಿಲ್ಲ, ದುಡ್ಡಿನ ಮಾತೂ ಮತ್ತೆ ಎತ್ತಲಿಲ್ಲ.

ಶಾಲೆಯ ಹೆಡ್‌ಮಿಸ್ಟ್ರೆಸ್ ಒಳ್ಳೆಯ ಹೆಂಗಸು. ಆದರೂ ಬರೀ ಬಾಯಲ್ಲಿ ಎಷ್ಟು ದಿನ ಪಾಠ ಮಾಡುತ್ತೀರಿ ಎಂದು ಕೇಳಿದರು. ದಸರಾ ರಜೆ ಮುಗಿಯುವುದರೊಳಗೆ ಏನಾದರೂ ದಾರಿಯಾಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದೂ ಹೇಳಿದರು. ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ, ಇನ್ನು ಜನ್ಮದಲ್ಲಿ ಒಂದು ಸ್ವರ ನನ್ನ ಬೆರಳಿನಿಂದ ಹೊರಡುವುದಿಲ್ಲವೇ ಎಂಬುದು ನನ್ನನ್ನು ತಿನ್ನುತ್ತಿತ್ತು.

ಅಷ್ಟರಲ್ಲಿ ಬಾಳೆಹೊನ್ನೂರಿನ ಜವಳಿ ಅಂಗಡಿಯವರ ಮನೆಯಲ್ಲಿ ಒಂದು ಕೀಬೋರ್ಡ್ ಇದೆಯೆಂದು ಗೊತ್ತಾಯಿತು. ಕೊಲ್ಲಿ ದೇಶದಿಂದ ಮಗ ಮಕ್ಕಳಿಗೆ ತಂದದ್ದು, ಮಕ್ಕಳಿಗೆ ಬೇಜಾರಾಗಿದೆ. ಬೂದು ಬಣ್ಣದ ಪ್ಲಾಸ್ಟಿಕ್ಕು, ಹಲಗೆಯಷ್ಟು ಉದ್ದ, ಆರು ಬ್ಯಾಟರಿ. ಅವರು ಕೇಳಿದ ಬೆಲೆಗೆ ಹಳೆಯ ಹಾರ್ಮೋನಿಯಂ ಕೂಡ ಬರುತ್ತಿರಲಿಲ್ಲ. ಮೊದಲು ಮನೆಗೆ ಒಯ್ದು ನೋಡಿ ಎಂದು ಕೊಟ್ಟರು. ತಂದು ಒತ್ತಿದೆ. ಗಾಳಿಯಿಲ್ಲ, ತಿದಿಯಿಲ್ಲ, ಒಂದೇ ಬೆರಳಿಗೆ ಸ್ವರ ಬಂತು. ನನಗೆ ಕಣ್ಣು ಮಂಜಾಯಿತು. ಆದರೆ ಅದು ವಾದ್ಯವೋ ಆಟದ ಸಾಮಾನೋ ತಿಳಿಯಲಿಲ್ಲ. ಆರು ತಿಂಗಳು ಏನೂ ನುಡಿಸದ ನನಗೆ ಆಗ ಡಬ್ಬ ಬಡಿದರೂ ಸಂಗೀತ ಅನ್ನಿಸುವಂತಿತ್ತು. ನಂಬಬಹುದಾದ ಕಿವಿ ಒಂದೇ ಇತ್ತು, ಅದು ಕೊಪ್ಪದಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತಿತ್ತು.

ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದೆ. ಕೈಯ ಸುದ್ದಿ ಕೇಳಿ ಅಯ್ಯೋ ಪಾಪ ಎನ್ನುವವರ ಕಾಟ ನನಗೆ ಸಾಕಾಗಿತ್ತು. ಸಾಹೇಬರು ಕೀಬೋರ್ಡಿನ ಮೇಲೆ ಲೋಟ ನಿಲ್ಲಿಸಿದರು. ಅದು ಒಂದು ಕೀ ಮೇಲೆ ನಿಲ್ಲಲೇ ಇಲ್ಲ, ಎರಡರ ಮೇಲೆ ಕುಳಿತುಬಿಟ್ಟಿತು. "ಮನೆ ತೀರಾ ಚಿಕ್ಕದು" ಎಂದರು. ಲೋಟ ತೆಗೆದು ಮೆಲ್ಲಗೆ ಒತ್ತಿದರು, ಜೋರಾಗಿ ಒತ್ತಿದರು, ಕೊನೆಗೆ ಗುದ್ದಿದರು. ಸ್ವರ ಅಷ್ಟೇ ಇತ್ತು.

"ಹೊಡೆದ್ರೂ ಅಷ್ಟೇ, ಮುದ್ದು ಮಾಡಿದ್ರೂ ಅಷ್ಟೇ. ಇದಕ್ಕೆ ಮೈಮೇಲೆ ಗ್ಯಾನ ಇಲ್ಲ ಅಕ್ಕೋರೆ. ಗಾಂಧಾರ ನೋಡಿ, ಒಂದು ಕೂದಲಷ್ಟು ಮೇಲೆ ನಿಂತಿದೆ. ಪೆಟ್ಟಿಗೆ ಆದ್ರೆ ಸ್ವರ ಹುಟ್ಟಿಸೋ ಹಿತ್ತಾಳೆ ನಾಲಿಗೆಯ ಬುಡ ಕೆರೆದು ಕೆಳಗೆ ಇಳಿಸಬಹುದಿತ್ತು. ಇದಕ್ಕೆ ನಾಲಿಗೆಯೇ ಇಲ್ಲ, ಕೆರೆಯೋದು ಎಂತದನ್ನ? ಬೆರಳು ಇಟ್ರೆ ಹಿಡಿದುಕೊಂಡು ಕೂಗ್ತಾನೇ ಇರ್ತದೆ, ಉಸಿರು ತಗೊಳ್ಳೋದೇ ಇಲ್ಲ. ಅಂಥ ಪೆಟ್ಟಿಗೆ ಮಾರೋಕೆ ಕಳಿಸಿ ಈ ಗಿಲಕಿ ತಗೊಳ್ಳೋಕೆ ನಿಮಗೆ ಎಂತ ಬಂತು?"

ಹಾಗೆ ಕೇಳುವಾಗ ಅವರ ದನಿಯಲ್ಲಿ ನಿಜವಾದ ನೋವಿತ್ತು. ನನಗೆ ಅದು ಕಾಣಿಸಲಿಲ್ಲ, ಬೆಂಕಿ ಹತ್ತಿಕೊಂಡಿತು. ಸೆರಗು ಸರಿಸಿ, ಬಲಗೈಯಿಂದ ಎಡಗೈಯನ್ನು ಎತ್ತಿ ಅವರ ಬೆಂಚಿನ ಮೇಲೆ, ಕೊಡೆಯ ಕಡ್ಡಿಗಳ ನಡುವೆ ಇಟ್ಟೆ. "ಇದನ್ನು ರಿಪೇರಿ ಮಾಡಿಕೊಡಿ, ಪೆಟ್ಟಿಗೆ ವಾಪಸು ಒಯ್ಯುತ್ತೇನೆ" ಎಂದೆ.

ಸಾಹೇಬರು ಅಯ್ಯೋ ಎನ್ನಲಿಲ್ಲ. ಆ ಕೈ ನೋಡಿದರು. ಆಮೇಲೆ ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಾನು ಎರಡು ಕೈಯವನು ನೋಡಿದ ಹಾಗೆ ನೋಡ್ದೆ. ಅದು ತಪ್ಪಾಯ್ತು. ಎಂಟು ದಿನ ಇದು ನನ್ನ ಹತ್ರ ಇರ್ಲಿ."

ಎಂಟು ದಿನ ಬಿಟ್ಟು ಹೋದಾಗ ಅಂಗಡಿಯ ಹಿಂದಿನ ಅವರ ಮನೆಯಿಂದ ಅವರ ಹೆಂಡತಿ ಬೀಬಮ್ಮನವರ ದೂರು ಕೇಳಿಸುತ್ತಿತ್ತು. ನನ್ನನ್ನು ಕಂಡದ್ದೇ ಹೊರಗೆ ಬಂದರು. "ನೀವೇ ಹೇಳಿ ಅಕ್ಕ. ಎಂಟು ದಿನದಿಂದ ಒಂದೇ ಕೈ. ಅಂಗಿ ಗುಂಡಿ ನಾನೇ ಹಾಕ್ಬೇಕು. ಒಬ್ಬರ ಕೊಡೆನೂ ಆಗಿಲ್ಲ, ಬಂದೋರೆಲ್ಲ ಬೈದು ಹೋಗ್ತಾರೆ. ನಮಾಜಿಗೆ ಮಾತ್ರ ಬಿಚ್ತಾರೆ, ಮುಗಿದ ತಕ್ಷಣ ಮತ್ತೆ ಕಟ್ಟು ಅಂತಾರೆ."

ಒಳಗೆ ನೋಡಿದೆ. ಸಾಹೇಬರ ಕಿವಿ ಬರಿದಾಗಿತ್ತು. ಆ ಕಂದು ಮಫ್ಲರಿನಿಂದ ಎಡಗೈಯನ್ನು ಎದೆಗೆ ಬಿಗಿದು ಕಟ್ಟಿಕೊಂಡು ಕೀಬೋರ್ಡಿನ ಮುಂದೆ ಕುಳಿತಿದ್ದರು. ಹೊರಗೆ ಎರಡು ಬಸ್ಸು ಒಟ್ಟಿಗೆ ಹಾರನ್ ಹೊಡೆಯುತ್ತಿದ್ದವು. ನಾನು ಬಾಗಿಲಲ್ಲೇ ನಿಂತೆ. ಆರು ತಿಂಗಳಲ್ಲಿ ನನಗೆ ಧೈರ್ಯ ಹೇಳಿದವರು ಬೇಕಾದಷ್ಟು ಜನ. ಒಂದು ಕೈ ಕಟ್ಟಿಕೊಂಡು ನನ್ನ ಜಾಗದಲ್ಲಿ ಕುಳಿತು ನೋಡಿದವರು ಇವರೊಬ್ಬರೇ.

"ಬನ್ನಿ, ಈಗ ಹೇಳ್ತೀನಿ" ಎಂದರು. "ಇದರಲ್ಲಿ ಎಂಟು ಥರದ ದನಿ ಇದೆ. ಏಳನ್ನು ಮರೆತುಬಿಡಿ. ಪಿಟೀಲು ಅಂತ ಬರೆದದ್ದು ಜೀರುಂಡೆ, ಕೊಳಲು ಅಂತ ಬರೆದದ್ದು ಪ್ರೆಶರ್ ಕುಕ್ಕರು. ಈ ಆರ್ಗನ್ ಅನ್ನೋದು ಒಂದೇ ಮರ್ಯಾದಸ್ಥ. ದನಿ ಅರ್ಧಕ್ಕಿಂತ ಮೇಲೆ ಏರಿಸಬೇಡಿ, ಹೊಟ್ಟೆ ಹರಕೊಂಡು ಕೂಗ್ತದೆ. ಮೇಲಿನ ಏಳು ಮನೆಗೆ ಹೋಗಲೇಬೇಡಿ. ಪಂಚಮದಲ್ಲಿ ಒಂದು ಗರಗರ ಇತ್ತು, ಸ್ಪೀಕರಿನ ಜಾಲರಿ ನಡುಗ್ತಿತ್ತು, ಕೊಡೆ ಬಟ್ಟೆ ತುಂಡು ಇಟ್ಟಿದ್ದೀನಿ. ಗಾಂಧಾರದ ಮೇಲೆ ನಿಲ್ಲಬೇಡಿ, ಮುಟ್ಟಿ ಬಿಟ್ಟುಬಿಡಿ. ಅಲ್ಲಿ ನಿಮ್ಮ ಗಂಟಲು ನಿಲ್ಲಲಿ. ಮಕ್ಕಳು ನಿಮ್ಮ ಗಂಟಲು ಹಿಡೀತಾರೆ, ಇದನ್ನಲ್ಲ."

ಉಸಿರಿನ ಮಾತೇನು ಎಂದು ಕೇಳಿದೆ.

"ಅದು ಇದರಲ್ಲಿ ಇಲ್ಲ, ನೀವು ಕೊಡಬೇಕು. ಒತ್ತೋದರಲ್ಲಿ ಎಂತದೂ ಇಲ್ಲ, ಬೆರಳು ಎತ್ತೋದರಲ್ಲಿ ಇದೆ. ಸಾಲು ಮುಗಿದ ಕೂಡ್ಲೆ ಕೈ ಪೂರ್ತಿ ಎತ್ತಿ, ಒಂದು ಉಸಿರು ಸುಮ್ನಿರಿ, ಆಮೇಲೆ ಇಡಿ." ಸ್ವಲ್ಪ ನಕ್ಕರು. "ನಿಮಗೆ ಕಷ್ಟ ಆಗ್ತದೆ. ಆದ್ರೂ ಮಾಡಿ."

ಆಮೇಲೆ ಅವರು ತೋರಿಸಿದ್ದನ್ನು ಇವತ್ತಿಗೂ ಸಂಗೀತದವರಿಗೆ ಹೇಳುತ್ತಿರುತ್ತೇನೆ. ಹೆಬ್ಬೆರಳನ್ನು ಕೆಳಗಿನ ಷಡ್ಜದ ಮೇಲಿಟ್ಟು ಸಾಲು ಮುಗಿಯುವವರೆಗೆ ಅದನ್ನು ಬಿಡದೆ ಹಿಡಿದರು, ಶ್ರುತಿಪೆಟ್ಟಿಗೆಯ ಹಾಗೆ ಅದು ನಿಂತಿತು. ಉಳಿದ ನಾಲ್ಕು ಬೆರಳಲ್ಲಿ ಹಾಡು ನುಡಿಸಿದರು. ಕಿರುಬೆರಳು ಮೇಲಿನ ಷಡ್ಜ ದಾಟಿ, ರಿಷಭ ದಾಟಿ, ಅದರಾಚೆಯ ಗಾಂಧಾರವನ್ನೂ ಮುಟ್ಟಿತು.

"ನನ್ನ ಪೆಟ್ಟಿಗೆಯಲ್ಲಿ ಇದು ಆಗೋದಿಲ್ಲ ಅಕ್ಕೋರೆ. ಮನೆ ದೊಡ್ಡದು, ಕೈ ಸಾಲದು. ಮೊನ್ನೆ ನಾನು ಚಿಕ್ಕದು ಅಂತ ಬೈದೆನಲ್ಲ, ಆ ಚಿಕ್ಕದೇ ನಿಮಗೆ ಬೇಕಾದ್ದು. ಒಂದು ಕೈಯವರಿಗೆ ಅಂತಲೇ ಮಾಡಿದ ಹಾಗಿದೆ. ಮಾಡಿದೋನಿಗೆ ಗೊತ್ತಿರಲಿಕ್ಕಿಲ್ಲ. ತಗೊಳ್ಳಿ ಇದನ್ನ."

ನನ್ನನ್ನು ಕೂರಿಸಿದರು. ಹೆಬ್ಬೆರಳು ಇಟ್ಟೆ, ಶ್ರುತಿ ನಿಂತಿತು, ಶಾಲೆಯ ಪ್ರಾರ್ಥನೆಯ ಮೊದಲ ಸಾಲು ಉಳಿದ ಬೆರಳುಗಳಿಂದ ಬಂತು. ಬೀಬಮ್ಮನವರು ಬಾಗಿಲಲ್ಲಿ ನಿಂತು ಕೇಳಿದರು. ಮುಗಿದ ಮೇಲೆ ಗಂಡನ ಮಫ್ಲರಿನ ಗಂಟು ಬಿಚ್ಚಿದರು.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಅದೇ ಬೂದು ಹಲಗೆಯ ಮುಂದೆ ಕುಳಿತು ಪ್ರಾರ್ಥನೆ ಹೇಳಿಸಿದೆ. ಹೆಡ್‌ಮಿಸ್ಟ್ರೆಸ್ ಬೇರೆಯವರ ವಿಚಾರ ಮತ್ತೆ ಎತ್ತಲಿಲ್ಲ. ಹುಡುಗಿಯರು ಅದರ ಬೇರೆ ಏಳು ದನಿ ಕೇಳಿಸಿ ಎಂದು ಪೀಡಿಸುತ್ತಿದ್ದರು. ಸಾಹೇಬರ ಅಪ್ಪಣೆ ಇಲ್ಲ ಎಂದುಬಿಡುತ್ತಿದ್ದೆ. ಯಾವ ಸಾಹೇಬರು, ಎಜುಕೇಶನ್ ಆಫೀಸಿನವರೇ ಎಂದು ಒಬ್ಬಳು ಕೇಳಿದ್ದಳು.

ಸಾಹೇಬರನ್ನು ಕೊನೆಯ ಬಾರಿ ನೋಡಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಮರದ ಪುಡಿ, ಚರ್ಮದ ಧೂಳು ಕುಡಿದು ಅವರಿಗೆ ಉಬ್ಬಸ ಹಿಡಿದಿತ್ತು. ಭದ್ರಾವತಿಯ ಮಗಳು ತನ್ನ ಮನೆಗೆ ಕರೆದೊಯ್ಯಲು ಬಂದಿದ್ದಳು. ಹೊರಡುವ ಮೊದಲು ಬಂದು ಹೋಗಿ ಎಂದು ನನಗೊಂದು ಕಾರ್ಡು ಬಂತು. ಭದ್ರಾವತಿಗೆ ಹೋದ ಮೇಲೆ ಅವರು ಒಂದು ವರ್ಷವೂ ಬದುಕಲಿಲ್ಲ. ಆದರೆ ಆ ಬೆಳಿಗ್ಗೆ ನನಗೆ ಅದೇನೂ ಗೊತ್ತಿರಲಿಲ್ಲ, ಬಸ್ಸು ತಡವಾಯಿತೆಂದು ಸಿಡಿಮಿಡಿಗುಟ್ಟುತ್ತಲೇ ಹೋದೆ.

ಅಂಗಡಿ ಖಾಲಿಯಾಗಿತ್ತು. ಕೊಡೆಗಳೆಲ್ಲ ಹೋಗಿದ್ದವು. ಕೊಡೆಗಳ ಹಿಂದೆ ಇಷ್ಟು ವರ್ಷ ಕಾಣದಿದ್ದ ಮೂಲೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ. ಅವರು ಬಟ್ಟೆ ತೆಗೆದರು. ಅದು ನನ್ನ ಹಾರ್ಮೋನಿಯಂ.

"ಮಾರಲಿಲ್ಲವಾ ಇದನ್ನು?"

"ಗಿರಾಕಿ ಬಂದಿದ್ರು ಒಬ್ಬಿಬ್ರು. ಚೆನ್ನಾಗಿ ನುಡಿಸ್ತಾರೆ, ಆದ್ರೆ ತಾಳ್ಮೆ ಜಾಸ್ತಿ ಅವರಿಗೆ. ಇದಕ್ಕೆ ಒಗ್ಗೋದಿಲ್ಲ ಅಂತ ವಾಪಸು ಕಳಿಸ್ದೆ." ಮಾತಿನ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಪೆಟ್ಟಿಗೆಯನ್ನು ನಡುವೆ ಇಟ್ಟು, ನನ್ನನ್ನು ಕೀಗಳ ಕಡೆಗೆ ಕೂರಿಸಿ, ತಾವು ಎದುರಿಗೆ ತಿದಿಯ ಕಡೆಗೆ ಕುಳಿತರು. ಮಫ್ಲರ್ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟರು. "ನುಡಿಸಿ."

ಬೇಡ ಸಾಹೇಬರೆ, ಇದು ಇಬ್ಬರಿಂದ ಆಗುವ ಕೆಲಸ ಅಲ್ಲ, ಎಲ್ಲ ನೋಡಿ ಆಗಿದೆ ಎಂದೆ. ಅವರು ಎಡಗೈಯನ್ನು ತಿದಿಯ ಮೇಲಿನ ಮೂಲೆಗೆ, ಆ ಸವೆದ ಜಾಗಕ್ಕೆ ಇಟ್ಟರು. ಇನ್ನು ಇವರ ಮಾತು ತೆಗೆದುಹಾಕುವುದು ಹೇಗೆ ಎಂದು ಶಾಲೆಯ ಪ್ರಾರ್ಥನೆ ಶುರು ಮಾಡಿದೆ.

ಸಾಲು ಇನ್ನೂ ಮುಗಿದಿರಲಿಲ್ಲ. ಎರಡು ಸಣ್ಣ ದೂಡು ಬಂತು, ಆಮೇಲೆ ಒಂದು ದೊಡ್ಡದು. ಮುಂದಿನ ಸಾಲಿನ ಗಾಳಿ ನನ್ನ ಬೆರಳು ಕೇಳುವ ಮೊದಲೇ ತುಂಬಿ ನಿಂತಿತ್ತು. ಆ ಅವಸರ, ಆ ಸಿಟ್ಟು ನನಗೆ ಗೊತ್ತಿತ್ತು. ನಾಲ್ಕೂವರೆ ವರ್ಷದ ಹಿಂದೆ ಕಡಹಿನಬೈಲಿನ ತಿರುವಿನಲ್ಲಿ ಹೋದ ನನ್ನ ಎಡಗೈ ಅದು. ಬೆರಳು ನಿಂತುಹೋಯಿತು.

"ಯಾಕೆ ನಿಲ್ಲಿಸಿದ್ರಿ? ಸಿಟ್ಟು ಸರಿಯಾಗಿ ಬರಲಿಲ್ವಾ?"

"ಬಂತು" ಎಂದೆ. ಅಳುತ್ತಿದ್ದೆ, ಮುಚ್ಚಿಡುವುದೇನು. "ಇಷ್ಟು ದಿನ ಯಾಕೆ ಇದನ್ನು ತೋರಿಸಲಿಲ್ಲ?"

"ತೋರಿಸಿದ್ರೆ ಆ ಚಿಕ್ಕ ಮನೆ ಕಲೀತಿದ್ರಾ ನೀವು? ದಿನಾ ಎನ್ನಾರ್‌ಪುರಕ್ಕೆ ಬಂದು ಗಾಳಿ ಹಾಕೋಕೆ ನನಗೆ ಆಗ್ತಿತ್ತಾ?" ಎಂದರು. "ಶುರು ಮಾಡಿ, ಮಗಳು ಒಂದು ಗಂಟೆ ಬಸ್ಸು ಅಂತಿದ್ದಾಳೆ."

ಮತ್ತೆ ನುಡಿಸಿದೆ. ಎರಡು ಚರಣ ಆಗುವಷ್ಟರಲ್ಲಿ ಅವರ ಎದೆ ಸುಯ್ಯೆನ್ನತೊಡಗಿತು. ಹಣೆಯಲ್ಲಿ ಬೆವರು ಮೂಡಿತು. ತಿದಿಯ ಲಯ ಮಾತ್ರ ತಪ್ಪಲಿಲ್ಲ. ಸಾಕು ಸಾಹೇಬರೆ ಎಂದೆ.

"ಸಾಲು ಮುಗೀಲಿ ಅಕ್ಕೋರೆ" ಎಂದರು.

ಕೊನೆಯ ಸಾಲು ಬಂತು. ಈ ಸಲ ಮುಂದಿನ ಗಾಳಿ ಬರಲಿಲ್ಲ, ಮುಂದೆ ಸಾಲಿರಲಿಲ್ಲ. ಅವರು ಕೈಯನ್ನು ತಿದಿಯ ಮೇಲೆ ಸುಮ್ಮನೆ ಇಟ್ಟು ಕುಳಿತರು. ನಾನು ಷಡ್ಜದ ಮೇಲಿನ ಬೆರಳು ತೆಗೆಯಲಿಲ್ಲ. ಸ್ವರ ಸಣ್ಣಗಾಗುತ್ತ ಬಂತು, ಇನ್ನೂ ಸಣ್ಣಗಾಯಿತು. ಒಳಗಿನ ಗಾಳಿ ಪೂರ್ತಿ ಮುಗಿಯುವವರೆಗೆ ನಾನು ಅವಸರ ಮಾಡದೆ ಕಾದೆ.